ಬಂಡಿಗೆ ಕಡಾಣಿ, ಮೋಟಾರಿಗೆ ನಟ್ಟು

ಎತ್ತಿನ ಬಂಡಿ ಹೊಡೆಯುವ ರೈತರು ಎತ್ತುಗಳ ಕೊರಳಿಗೆ ನೊಗ ಕೊಡುವ ಮೊದಲು ಒಮ್ಮೆ ಬಗ್ಗಿ ಅಚ್ಚಿನ ಎರಡು ತುದಿಗಳನ್ನೂ ನೋಡುವುದುಂಟು. ಅಲ್ಲಿ, ಗಾಲಿಯ ಹೊರಮಗ್ಗುಲಿಗೆ, ಅಚ್ಚಿನ ತೂತಿನಲ್ಲಿ ಬೆರಳು ಗಾತ್ರದ ಕಬ್ಬಿಣದ ಕಡ್ಡಿಯೊಂದು ನಿಂತಿರಬೇಕು. ಅದಕ್ಕೆ ಕಡಾಣಿ ಎಂದು ಹೆಸರು. ಕಡೆಗೀಲು ಎಂದೂ ಅನ್ನುತ್ತಾರೆ. ಬಂಡಿಯ ಬೆಲೆಯಲ್ಲಿ ಅದರ ಪಾಲು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಆದರೆ ಅದು ಉದುರಿತೋ, ಗಾಲಿ ಕಳಚಿತು. ಗಾಲಿ ಕಳಚಿತೋ, ಹೇರು ಮಗುಚಿತು. ಇದು ನಮ್ಮ ಜನಕ್ಕೆ ಎಷ್ಟು ಹಿಂದಿನಿಂದ ತಿಳಿದ ಸಂಗತಿಯೆಂದರೆ, ವಚನಕಾರರು ಕೂಡ ತಮ್ಮ ಮಾತಿಗೆ ಕಡೆಗೀಲನ್ನು ಹೋಲಿಕೆಯಾಗಿ ತಂದಿದ್ದಾರೆ.

ಬಂಡಿಗೆ ಎರಡೇ ಕಡಾಣಿ. ಮೋಟಾರು ಗಾಡಿಗೆ ಎಷ್ಟು? ಎಣಿಸಿ ನೋಡಿದವರು ಕಡಮೆ. ನೀವು ಹಿಡಿಯುವ ಸ್ಟೀರಿಂಗ್ ಚಕ್ರಕ್ಕೂ ನೆಲದ ಮೇಲೆ ಉರುಳುವ ಮುಂದಿನ ಗಾಲಿಗೂ ನಡುವೆ ಸುಮಾರು ಹತ್ತು ಹನ್ನೆರಡು ಕೂಡುಗಳಿರುತ್ತವೆ. ಒಂದೊಂದು ಕೂಡಿನಲ್ಲಿಯೂ ಒಂದು ನಟ್ಟೋ, ಬೋಲ್ಟೋ, ಪಿನ್ನೋ ಇದ್ದೇ ಇರುತ್ತದೆ. ಅವುಗಳಲ್ಲಿ ಯಾವುದೊಂದು ಬಿಟ್ಟುಹೋದರೂ ಉಳಿದವು ಎಷ್ಟೇ ಗಟ್ಟಿಯಾಗಿದ್ದು ಪ್ರಯೋಜನವಿಲ್ಲ. ಹಳೆಯ ಗಾಡಿಯನ್ನು ಬಿಚ್ಚಿ ತಮ್ಮ ಕೈಯಿಂದಲೇ ಮತ್ತೆ ಕಟ್ಟುವ ಹವ್ಯಾಸವುಳ್ಳವರಿಗೆ ಈ ಸಣ್ಣ ಕೀಲುಗಳ ವಿಷಯವಾಗಿ ನಾಲ್ಕು ಮಾತು ಹೇಳುವುದು ಇಲ್ಲಿನ ಉದ್ದೇಶ.

ಈ ಹವ್ಯಾಸ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ ಎಂಜಿನ್ನನ್ನು ಸಾಮಾನ್ಯರ ಕೈಗೆಟಕುವ ಕಾರಿನಲ್ಲಿ ಕೂಡಿಸಿತು. ಆ ಕಾರುಗಳು ಹಳತಾಗಿ ಅಗ್ಗವಾದಾಗ ಕ್ಯಾಲಿಫೋರ್ನಿಯದ ತರುಣರು ಅವನ್ನು ಕೊಂಡು, ಭಾರದ ಭಾಗಗಳನ್ನು ಕಿತ್ತು, ಎಂಜಿನ್ನಿನ ಶಕ್ತಿ ಹೆಚ್ಚಿಸಿ, ಒಣಗಿದ ಕೆರೆಯಂಗಳಗಳಲ್ಲಿ ಓಡಿಸತೊಡಗಿದರು. ಇಂಥ ಗಾಡಿಗೆ ‘ಹಾಟ್ ರಾಡ್’ ಎಂಬ ಹೆಸರು ಬಂತು. 1948ರ ಜನವರಿಯಲ್ಲಿ ಅದೇ ಹೆಸರಿನ ಒಂದು ಪತ್ರಿಕೆಯೂ ಹೊರಟಿತು. ಅದರ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಕಟ್ಟಿದರು. ಬೀದಿಯಲ್ಲಿ ಪಂದ್ಯ ಹೂಡುತ್ತಿದ್ದ ಹುಡುಗರನ್ನು ಬಯಲಿಗೆ ಕರೆತರಬೇಕು, ಅಲ್ಲಿ ಪ್ರತಿಯೊಂದು ಗಾಡಿಯನ್ನೂ ಪರೀಕ್ಷಿಸಿದ ಮೇಲೆಯೇ ಓಡಲು ಬಿಡಬೇಕು ಎಂಬುದು ಆ ಸಂಘದ ಮೊದಲ ಉದ್ದೇಶಗಳಲ್ಲಿ ಒಂದು.

ನಮ್ಮಲ್ಲಿ ಫೋರ್ಡಿನ ಸ್ಥಾನ ಜೀಪಿನದು. ಎರಡನೆಯ ಮಹಾಯುದ್ಧದ ಕಾಲಕ್ಕೆ ಹುಟ್ಟಿದ ವಿಲ್ಲೀಸ್ ಜೀಪನ್ನು ಮಹೀಂದ್ರ ಕಂಪನಿ 1947ರಿಂದ ಭಾರತದಲ್ಲಿ ಜೋಡಿಸಲು ಆರಂಭಿಸಿತು. ಅದರ ಮಕ್ಕಳು ಮೊಮ್ಮಕ್ಕಳು ಮಲೆನಾಡಿನ ಕಾಫಿ ತೋಟಗಳಲ್ಲಿ, ಬಯಲುಸೀಮೆಯ ತೆಂಗಿನ ತೋಟಗಳಲ್ಲಿ ಇಂದಿಗೂ ಇವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಡಗು ಮಗ್ಗುಲಿಗೆ ಜಿನನಾಥಪುರವೆಂಬ ಊರಿದೆಯಷ್ಟೆ. ಅಂಥ ಊರಿನ ತರುಣನೊಬ್ಬ ಹಳೆಯ ಜೀಪೊಂದನ್ನು ಕೊಂಡು ತಂದು, ಕೊಟ್ಟಿಗೆಯಲ್ಲಿ ನಿಲ್ಲಿಸಿ, ಬಿಡಿಬಿಡಿಯಾಗಿ ಬಿಚ್ಚಿಟ್ಟನೆಂದು ಇಟ್ಟುಕೊಳ್ಳಿ. ಅವನಿಗೆ ಮೊದಲು ಚಿಂತೆಯಾಗುವುದು ಎಂಜಿನ್ನಿನದು, ಆಮೇಲೆ ಬಣ್ಣದ್ದು, ಆಮೇಲೆ ದಪ್ಪ ಟೈರಿನದು. ನಟ್ಟು ಬೋಲ್ಟುಗಳು? ಅವೆಲ್ಲ ಒಂದು ಡಬ್ಬದಲ್ಲಿ ಸೀಮೆಎಣ್ಣೆಯಲ್ಲಿ ನೆನೆಯುತ್ತಿರುತ್ತವೆ. ಯಾವುದು ಎಲ್ಲಿಂದ ಬಂತು ಎಂಬ ಗುರುತು ಇರುವುದಿಲ್ಲ. ಅಪಾಯ ಆ ಡಬ್ಬದಲ್ಲಿಯೇ ಮೊದಲಾಗುತ್ತದೆ.

ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ನೀವು ಇಳಿದು ನಡೆದು ಬರಬಹುದು. ಬ್ರೇಕು ಸೋತರೆ ಕೈಬ್ರೇಕುಂಟು, ಗೇರು ಇಳಿಸಬಹುದು, ಉಬ್ಬಿಗೆ ಹತ್ತಿಸಿ ನಿಲ್ಲಿಸಬಹುದು. ಸ್ಟೀರಿಂಗು ಕಳಚಿದರೆ ಮಾತ್ರ ಅದರ ಬದಲಿಗೆ ಕೈಗೆ ಸಿಗುವ ವಸ್ತು ಬೇರೊಂದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ನಮ್ಮ ಹಳ್ಳಿಯ ರಸ್ತೆಯಲ್ಲಿ ಎದುರಿನವನಿಗೂ ನಿಮಗೂ ಅಡ್ಡಲಾಗಿ ಇರುವ ಅಂತರ ಎರಡು ಮೂರು ಮೀಟರು. ಬೆಳಗೊಳಕ್ಕೆ ಕಾಲ್ನಡಿಗೆಯಲ್ಲಿ ಬರುವ ಯಾತ್ರಿಕರು, ಶಾಲೆಯ ಮಕ್ಕಳು, ಮೇವು ಹೊತ್ತ ಹೆಂಗಸರು ನಡೆಯುವುದು ಅದೇ ಅಂತರದಲ್ಲಿ. ‘ಚಾಲಕನ ನಿಯಂತ್ರಣ ತಪ್ಪಿ’ ಎಂದು ಪತ್ರಿಕೆಗಳಲ್ಲಿ ನಾವು ಓದುತ್ತೇವೆ. ನಿಯಂತ್ರಣ ತಪ್ಪಿದ್ದು ಚಾಲಕನ ಕೈಯಿಂದಲೋ, ಕೆಳಗಿದ್ದ ಕೀಲಿನಿಂದಲೋ ಎಂಬುದು ಆ ಮೂರು ಪದಗಳಲ್ಲಿ ತಿಳಿಯುವುದಿಲ್ಲ.

ಈಗ ಬೋಲ್ಟು ಮಾಡುವ ಕೆಲಸವೇನು ಎಂಬುದನ್ನು ನೋಡೋಣ. ಎರಡು ತಗಡುಗಳ ತೂತಿನಲ್ಲಿ ಅಡ್ಡಗಡ್ಡಿಯಂತೆ ನಿಂತು ಅವು ಜಾರದ ಹಾಗೆ ತಡೆಯುವುದೇ ಅದರ ಕೆಲಸ ಎಂದು ಬಹುಮಂದಿ ತಿಳಿದಿದ್ದಾರೆ. ಇದು ಅರ್ಧ ಸತ್ಯ. ಜಿನನಾಥಪುರದ ಶಾಂತಿನಾಥ ಬಸದಿಯನ್ನು ನೀವು ನೋಡಿರಬಹುದು. ಹೊರಗೋಡೆಯ ಮೇಲೆ ಸಾಲುಸಾಲು ಶಿಲ್ಪಗಳಿರುವ, ಹೊಯ್ಸಳರ ಕಾಲದ ಕಟ್ಟಡ ಅದು. ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲುಗಳ ಮುಖಗಳನ್ನು ಒಂದಕ್ಕೊಂದು ಸರಿಹೊಂದುವಂತೆ ನಯಮಾಡಿ, ಗಾರೆಯ ಹಂಗಿಲ್ಲದೆ ಕೂಡಿಸುತ್ತಿದ್ದರು. ಮೇಲಿನ ಕಲ್ಲಿನ ಭಾರ ಕೆಳಗಿನ ಕಲ್ಲನ್ನು ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆ ಎರಡನ್ನೂ ಜಾರದಂತೆ ಹಿಡಿಯುತ್ತದೆ. ಬೋಲ್ಟು ಮಾಡುವುದೂ ಇದೇ ಕೆಲಸ. ಮೋಟಾರಿನಲ್ಲಿ ಕಲ್ಲಿನ ಭಾರವಿಲ್ಲವಾದ್ದರಿಂದ ಆ ಒತ್ತಡವನ್ನು ನಟ್ಟು ತಿರುಗಿಸಿ ಹುಟ್ಟಿಸಬೇಕು. ನಟ್ಟು ಬಿಗಿದಂತೆ ಬೋಲ್ಟು ಸ್ಪ್ರಿಂಗಿನ ಹಾಗೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಬೋಲ್ಟು ಮತ್ತೆ ಕುಗ್ಗಲು ಹವಣಿಸುತ್ತ ಎರಡು ತುಂಡುಗಳನ್ನೂ ಅದುಮಿ ಹಿಡಿಯುತ್ತದೆ. 10 ಮಿಲಿಮೀಟರ್ ದಪ್ಪದ ಒಳ್ಳೆಯ ಉಕ್ಕಿನ ಬೋಲ್ಟನ್ನು ತಕ್ಕಷ್ಟು ಬಿಗಿದಾಗ ಅದು ಅದುಮುವ ಬಲ ಎರಡು ಟನ್ನಿನ ಆಸುಪಾಸಿನದು. ಸಡಿಲ ಬೋಲ್ಟಿಗೆ ಈ ಬಲವಿಲ್ಲ. ಆಗ ತುಂಡುಗಳು ಅತ್ತಿತ್ತ ಜಾರುತ್ತವೆ, ಪ್ರತಿ ಗುಂಡಿಗೂ ಬೋಲ್ಟಿಗೆ ಪೆಟ್ಟು ಬೀಳುತ್ತದೆ, ತಂತಿಯನ್ನು ಹಿಂದು ಮುಂದಕ್ಕೆ ಬಾಗಿಸಿದರೆ ಮುರಿಯುವಂತೆ ಕೊನೆಗೆ ಅದು ತುಂಡಾಗುತ್ತದೆ. ಬೋಲ್ಟು ಮುರಿಯಿತೆಂದು ನಾವು ಉಕ್ಕನ್ನು ಬೈಯುತ್ತೇವೆ. ಬಹಳ ಸಲ ಮೊದಲು ಸೋತದ್ದು ಬಿಗಿತ.

ಹಾಗಾದರೆ ಎಷ್ಟು ಬಿಗಿಯಬೇಕು? ‘ಕೈಗೆ ತಿಳಿಯುತ್ತದೆ’ ಎನ್ನುವವರುಂಟು. ಅನುಭವಸ್ಥರ ಕೈಗೆ ಗೌರವ ಸಲ್ಲಲಿ. ಆದರೆ ನೀವು ಸ್ಪ್ಯಾನರಿಗೆ ಹಾಕುವ ಬಲದಲ್ಲಿ ಬೋಲ್ಟನ್ನು ಹಿಗ್ಗಿಸಲು ಒದಗುವುದು ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಉಳಿದದ್ದೆಲ್ಲ ಮರೆಯ ಮತ್ತು ನಟ್ಟಿನ ತಳದ ಘರ್ಷಣೆಗೆ ಹೋಗುತ್ತದೆ. ಮರೆ ತುಕ್ಕು ಹಿಡಿದಿದ್ದರೆ ಬಿಗಿಯದೆಯೇ ಬಿಗಿದಂತೆ ತೋರುತ್ತದೆ; ಎಣ್ಣೆ ಹೆಚ್ಚಾಗಿದ್ದರೆ ಗೊತ್ತಾಗದೆ ಅಳತೆ ಮೀರುತ್ತದೆ. ಆದುದರಿಂದ ಅಳತೆ ತೋರಿಸುವ ಟಾರ್ಕ್ ರೆಂಚು ಒಂದನ್ನು ಸ್ನೇಹಿತರು ನಾಲ್ವರು ಸೇರಿಯಾದರೂ ಕೊಳ್ಳುವುದು ಲೇಸು. ಮೇಲೆ ಹೇಳಿದ 10 ಮಿಲಿಮೀಟರಿನ ಬೋಲ್ಟಿಗೆ ಬೇಕಾದ್ದು ಸುಮಾರು 45 ನ್ಯೂಟನ್-ಮೀಟರ್. 30 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 15 ಕಿಲೋ ತೂಕ ಒತ್ತಿದಷ್ಟು. ಆಯಾ ಗಾಡಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸತಕ್ಕದ್ದು.

ಇನ್ನು ಬೋಲ್ಟಿನ ಜಾತಿ. ಅದರ ತಲೆಯ ಮೇಲೆ 4.6, 8.8, 10.9 ಎಂಬಂಥ ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಒಂದು ಚದರ ಮಿಲಿಮೀಟರು ಎಷ್ಟು ನ್ಯೂಟನ್ ಎಳೆತ ತಡೆದೀತು ಎಂಬುದು ಸಿಗುತ್ತದೆ. ಎರಡನೆಯ ಅಂಕಿ, ಅದರಲ್ಲಿ ಹತ್ತಕ್ಕೆ ಎಷ್ಟು ಪಾಲಿನವರೆಗೆ ಎಳೆದರೂ ಬೋಲ್ಟು ತನ್ನ ಮೊದಲಿನ ಉದ್ದಕ್ಕೆ ಮರಳೀತು ಎಂಬುದನ್ನು ತಿಳಿಸುತ್ತದೆ. ಹೀಗೆ 10 ಮಿಲಿಮೀಟರಿನ 4.6ರ ಬೋಲ್ಟು ಸುಮಾರು 2.3 ಟನ್ನಿಗೆ ಹರಿದರೆ, ಅದೇ ಗಾತ್ರದ 8.8ರ ಬೋಲ್ಟು ಸುಮಾರು 4.7 ಟನ್ನಿನವರೆಗೆ ತಡೆಯುತ್ತದೆ. ಕಣ್ಣಿಗೆ ಎರಡೂ ಒಂದೇ. ಬಾಗಿಲ ಗೇಟಿಗೆ ಹಾಕುವ ಬೋಲ್ಟು ಸ್ಟೀರಿಂಗ್ ಬಾಕ್ಸಿಗೆ ಆಗದು. ಹಳೆಯ ಅಮೆರಿಕನ್ ಮಾದರಿಯ ಇಂಚಿನ ಬೋಲ್ಟುಗಳಲ್ಲಿ ಅಂಕಿಗಳ ಬದಲು ಗೀಟುಗಳಿರುತ್ತವೆ: ಮೂರು ಗೀಟು ಇದ್ದರೆ ಐದನೆಯ ದರ್ಜೆ, ಆರು ಇದ್ದರೆ ಎಂಟನೆಯ ದರ್ಜೆ. ತಲೆಯ ಮೇಲೆ ಯಾವ ಗುರುತೂ ಇಲ್ಲದ ಬೋಲ್ಟನ್ನು ಸ್ಟೀರಿಂಗಿನ ಹತ್ತಿರ ತರಬೇಡಿ.

ಇಂಚಿನ ಮಾತು ಬಂತು. ಹಳೆಯ ಜೀಪಿನ ಮರೆಗಳು ಇಂಚಿನ ಲೆಕ್ಕದವು. ಇಂದಿನ ಅಂಗಡಿಯಲ್ಲಿ ಸಿಗುವವು ಹೆಚ್ಚಾಗಿ ಮಿಲಿಮೀಟರಿನವು. ಇಂಚಿನ ಹದಿನಾರರಲ್ಲಿ ಐದು ಪಾಲೆಂದರೆ 7.94 ಮಿಲಿಮೀಟರು. 8 ಮಿಲಿಮೀಟರಿನ ನಟ್ಟನ್ನು ಇಂಥ ಬೋಲ್ಟಿಗೆ ಹಾಕಿದರೆ ಅದು ಹಿಡಿದುಕೊಂಡು, ಒಂದೆರಡು ಸುತ್ತು ಹೋಗಿ, ಬಿಗಿಯಾದಂತೆ ತೋರುತ್ತದೆ. ವಾಸ್ತವವಾಗಿ ಅದು ಬಿಗಿದಿಲ್ಲ, ಮರೆ ಮರೆಯನ್ನು ಕಚ್ಚಿ ಕೆಡಿಸಿದೆ. ನಟ್ಟು ಕೊನೆಯವರೆಗೂ ಕೈಬೆರಳಿನಿಂದಲೇ ಸರಾಗವಾಗಿ ಹೋಗಬೇಕು. ಬಿಗಿದ ಮೇಲೆ ಬೋಲ್ಟಿನ ತುದಿ ಎರಡು ಮರೆಯಷ್ಟಾದರೂ ನಟ್ಟಿನಿಂದ ಹೊರಗೆ ಕಾಣಬೇಕು.

ಬಿಗಿದದ್ದು ಬಿಗಿದಂತೆಯೇ ಉಳಿಯಬೇಕಾದರೆ ಅದಕ್ಕೊಂದು ತಡೆ ಬೇಕು. ಸ್ಪ್ರಿಂಗ್ ವಾಷರು ಹಾಕಿದ್ದೇನೆ, ಇನ್ನು ಭಯವಿಲ್ಲ ಎಂದು ನಂಬುವವರು ಬಹಳ. ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರು 1969ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಬೋಲ್ಟಿಗೆ ಅಡ್ಡಲಾಗಿ ಅಲುಗಾಟ ಕೊಟ್ಟರೆ ನಟ್ಟು ತಾನಾಗಿಯೇ ಬಿಚ್ಚುತ್ತ ಹೋಗುತ್ತದೆ ಎಂಬುದು ಅವರು ತೋರಿಸಿದ ಸಂಗತಿ. ಅವರ ಹೆಸರಿನ ಪರೀಕ್ಷೆಯಲ್ಲಿ ಸ್ಪ್ರಿಂಗ್ ವಾಷರು ಈ ಬಿಚ್ಚುವಿಕೆಯನ್ನು ತಡೆಯಲಾರದು ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಆದುದರಿಂದಲೇ ಟೈರಾಡಿನ ಕೊನೆಯಲ್ಲಿ, ಡ್ರಾಪ್ ಆರ್ಮಿನಲ್ಲಿ, ಕೋಟೆಯ ತೆನೆಯಂತೆ ಸೀಳುಗಳಿರುವ ನಟ್ಟನ್ನೂ ಅದರ ಮೂಲಕ ಹಾಯುವ ಸ್ಪ್ಲಿಟ್ ಪಿನ್ನನ್ನೂ ಇಟ್ಟಿರುತ್ತಾರೆ. ನಿಮ್ಮ ಗಾಡಿಯ ನಿಜವಾದ ಕಡಾಣಿ ಈ ಪಿನ್ನು. ಹೇಳಿದಷ್ಟು ಬಿಗಿದ ಮೇಲೆ ತೂತು ಸೀಳಿಗೆ ಎದುರಾಗದಿದ್ದರೆ ನಟ್ಟನ್ನು ಮುಂದಕ್ಕೇ ತಿರುಗಿಸಬೇಕು, ಹಿಂದಕ್ಕೆ ಸಡಿಲಿಸಬಾರದು. ಒಮ್ಮೆ ಬಾಗಿಸಿದ ಪಿನ್ನನ್ನು ಮತ್ತೆ ಬಳಸಬಾರದು. ಪಿನ್ನು ಸಿಗಲಿಲ್ಲವೆಂದು ಮೊಳೆಯನ್ನೋ ಕಟ್ಟುವ ತಂತಿಯನ್ನೋ ತುರುಕುವುದಂತೂ ಬೇಡವೇ ಬೇಡ. ಒಂದು ಕಪ್ ಕಾಫಿಯ ದುಡ್ಡಿಗಿಂತ ಕಡಮೆ ಬೆಲೆಯ ವಸ್ತು ಅದು. ನೈಲಾನ್ ಉಂಗುರವುಳ್ಳ ನೈಲಾಕ್ ನಟ್ಟು ಛಾಸಿಯ ಅನೇಕ ಕಡೆಗೆ ಒಳ್ಳೆಯದು; ಆದರೆ ಅದನ್ನು ಬಿಚ್ಚಿದಾಗಲೆಲ್ಲ ಹೊಸದು ಹಾಕಬೇಕು, ಮತ್ತು ಹೊಗೆ ಕೊಳವೆಯ ಬಿಸಿಗೆ ದೂರವಿಡಬೇಕು; ಸುಮಾರು 120 ಡಿಗ್ರಿ ಸೆಲ್ಷಿಯಸ್ ಮೀರಿದರೆ ನೈಲಾನಿನ ಹಿಡಿತ ಸೋಲುತ್ತದೆ.

ಬೋಲ್ಟನ್ನು ಎಲ್ಲಿ, ಹೇಗೆ ನಿಲ್ಲಿಸುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಬಾವಿಯ ರಾಟೆಯನ್ನು ನೋಡಿ. ಅದರ ಸರಳಿಗೆ ಎರಡು ಕಡೆಯೂ ಕಂಬದ ಆಸರೆಯಿದೆ. ಆದ್ದರಿಂದ ತುಂಬಿದ ಕೊಡ ಎಳೆದರೂ ಬಾಗದು. ಅದೇ ಸರಳನ್ನು ಒಂದೇ ಗೋಡೆಗೆ ಚುಚ್ಚಿ ತುದಿಗೆ ಕೊಡ ಕಟ್ಟಿದರೆ ಏನಾದೀತು? ನೀವು ಹೊಸದಾಗಿ ಮಾಡುವ ಬ್ರ್ಯಾಕೆಟ್ಟುಗಳಲ್ಲಿ ಬೋಲ್ಟಿಗೆ ಸಾಧ್ಯವಾದಷ್ಟೂ ಎರಡು ಕಿವಿಗಳ ಆಸರೆ ಕೊಡಿ. ತುಂಡುಗಳು ಕೂಡುವ ಜಾಗದಲ್ಲಿ ಬೋಲ್ಟಿನ ನಯವಾದ ಮೈ ಬರಲಿ, ಮರೆ ಬಾರದಿರಲಿ. ಟೈರಾಡಿಗೆ ಪಂದ್ಯದ ಗಾಡಿಗಳ ಗುಂಡುಕಣ್ಣಿನ ರಾಡ್ ಎಂಡ್ ಹಾಕಿದ್ದರೆ, ಅದರ ಹೊರಮಗ್ಗುಲಿಗೆ ಕಣ್ಣಿಗಿಂತ ಅಗಲವಾದ ವಾಷರೊಂದನ್ನು ಇಡಿ. ಒಳಗಿನ ಗುಂಡು ಸವೆದು ಕಳಚಿದರೂ ರಾಡು ಉದುರಿಹೋಗದೆ ವಾಷರಿನಲ್ಲಿ ಸಿಕ್ಕಿಕೊಂಡು, ನಿಮಗೆ ಪಕ್ಕಕ್ಕೆ ಬರುವಷ್ಟು ಅವಕಾಶ ಕೊಡುತ್ತದೆ.

ಛಾಸಿಯಲ್ಲಿ ಇನ್ನೂ ಒಂದು ಮೋಸವಿದೆ. ಪೊಳ್ಳು ಚೌಕ ಕೊಳವೆಗೆ ಅಡ್ಡಲಾಗಿ ಬೋಲ್ಟು ಹಾಕಿ ಬಿಗಿದರೆ ಕೊಳವೆಯ ಗೋಡೆಗಳು ಒಳಕ್ಕೆ ಬಾಗುತ್ತವೆ. ಇಂದು ಬಿಗಿದದ್ದು ನಾಳೆಗೆ ಸಡಿಲ. ಒಳಗೆ ಗೋಡೆಯಿಂದ ಗೋಡೆಗೆ ಮುಟ್ಟುವ ಗಟ್ಟಿ ನಳಿಕೆಯೊಂದನ್ನು ಕೂರಿಸಿ, ಅದರ ಮೂಲಕ ಬೋಲ್ಟು ಹಾಯಿಸಬೇಕು. ಕೂಡುವ ಮುಖಗಳಿಗೆ ದಪ್ಪವಾಗಿ ಬಣ್ಣ ಬಳಿದರೂ ಇದೇ ಕಥೆ: ಬಣ್ಣ ನಿಧಾನವಾಗಿ ನಲುಗುತ್ತದೆ, ಬಿಗಿತ ಇಳಿಯುತ್ತದೆ. ಕಮಾನು ಪಟ್ಟಿಗಳನ್ನು ಅಚ್ಚಿಗೆ ಹಿಡಿಯುವ ಯು-ಬೋಲ್ಟುಗಳಂತೂ ಹೊಸದಾಗಿ ಹಾಕಿದ ಮೇಲೆ ಕೂಡಿ ಕುಳಿತುಕೊಳ್ಳಲು ಕಾಲ ಬೇಕು. ಮೊದಲ 50 ಕಿಲೋಮೀಟರಿಗೆ ಒಮ್ಮೆ, 500 ಕಿಲೋಮೀಟರಿಗೆ ಮತ್ತೊಮ್ಮೆ ಬಿಗಿತವನ್ನು ಅಳೆದು ನೋಡಿ.

ಬೆಂಕಿಯ ಮತ್ತು ಹೊಳಪಿನ ವಿಷಯಕ್ಕೆ ಎಚ್ಚರಿಕೆಯ ಮಾತೊಂದು. ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್ ಮುಂತಾದವನ್ನು ಕಾರ್ಖಾನೆಯಲ್ಲಿ ಹದವರಿತು ಕಾಯಿಸಿ ತಣಿಸಿ ಗಟ್ಟಿಮಾಡಿರುತ್ತಾರೆ. ಕುಲುಮೆಯಲ್ಲಿ ಕಾಯಿಸಿ ಬಾಗಿಸಿದರೆ, ಕತ್ತರಿಸಿ ವೆಲ್ಡಿಂಗ್ ಮಾಡಿದರೆ ಆ ಹದ ಹೋಗುತ್ತದೆ. ಕುಡುಗೋಲಿಗೆ ಹದ ಹಾಕುವ ಕಮ್ಮಾರರನ್ನು ಕೇಳಿದರೆ ಅವರೂ ಇದೇ ಮಾತು ಹೇಳಿಯಾರು. ಉದ್ದ ಸಾಲದಿದ್ದರೆ ಸರಿಯಾದ ಉದ್ದದ ಭಾಗವನ್ನೇ ಹುಡುಕಬೇಕು. ಹಾಗೆಯೇ 10.9, 12.9ರಂಥ ಬಲವಾದ ಬೋಲ್ಟುಗಳಿಗೆ ಚಂದಕ್ಕಾಗಿ ಕ್ರೋಮ್ ಲೇಪ ಕೊಡಿಸಬೇಡಿ. ಲೇಪದ ತೊಟ್ಟಿಯಲ್ಲಿ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಕ್ಕೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಅಂಥ ಬೋಲ್ಟು ಬಿಗಿದ ದಿನ ಚೆನ್ನಾಗಿಯೇ ಇದ್ದು, ಕೆಲವು ದಿನಗಳ ಮೇಲೆ ಯಾವ ಸೂಚನೆಯೂ ಇಲ್ಲದೆ ತಲೆ ಕಳಚಿ ಬೀಳಬಹುದು.

ಈ ವಿಷಯದಲ್ಲಿ ಕಾಯಿದೆ ಏನೆನ್ನುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯದು ಸ್ಟೀರಿಂಗಿಗೆ ಸಂಬಂಧಿಸಿದ್ದು. ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿಗೆ ಮೀರಿದ ಬಿಡುವಿರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಭದ್ರವಾಗಿ ತಡೆಹಿಡಿದಿರಬೇಕು ಎಂದು ಅದು ವಿಧಿಸುತ್ತದೆ. 40 ಸೆಂಟಿಮೀಟರ್ ಅಗಲದ ಚಕ್ರದ ಅಂಚಿನಲ್ಲಿ 30 ಡಿಗ್ರಿಯೆಂದರೆ ಸುಮಾರು 10 ಸೆಂಟಿಮೀಟರು. ಇದು ಕಾಯಿದೆ ಸಹಿಸುವ ಕೊನೆಯ ಮಿತಿಯೇ ಹೊರತು ಒಳ್ಳೆಯ ಕೆಲಸದ ಗುರುತಲ್ಲ. ಇನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೊದಲು ಕೊಟ್ಟವಕ್ಕಿಂತ ಬೇರೆಯಾಗುವಂತೆ ಮಾಲೀಕ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ವಿಧಿಸಬಹುದಾಗಿದೆ. ಆದುದರಿಂದ ರಸ್ತೆಗಿಳಿಸುವ ಗಾಡಿಯನ್ನು ಅದರ ಮೂಲ ರೂಪಕ್ಕೇ ಮರಳಿಸಿ. ಎಂಜಿನ್ ಬದಲಿಸುವುದಿದ್ದರೆ ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿ ಅನುಮತಿ ಪಡೆಯಿರಿ. ಹೊಸದನ್ನು ಕಟ್ಟಿ ನೋಡುವ ಹಂಬಲವುಳ್ಳ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಾಹಾ ಪಂದ್ಯದಂಥ ಅವಕಾಶಗಳಿವೆ. ಅಲ್ಲಿ ಗಾಡಿ ಓಡುವುದು ಮುಚ್ಚಿದ ಬಯಲಿನಲ್ಲಿ, ಅದೂ ಪರೀಕ್ಷಕರು ಒಪ್ಪಿದ ಮೇಲೆ.

ಕೊನೆಗೆ ಹೇಳಬೇಕಾದ್ದು ಆ ಪರೀಕ್ಷಕರ ವಿಷಯವೇ. ತಾನು ಬರೆದ ಕಾಗದದಲ್ಲಿ ತಾನು ಬಿಟ್ಟ ಅಕ್ಷರ ತನ್ನ ಕಣ್ಣಿಗೆ ಕಾಣದು. ತಾನು ಕಟ್ಟಿದ ಗಾಡಿಯಲ್ಲಿ ತಾನು ಮರೆತ ಪಿನ್ನೂ ಹಾಗೆಯೇ. ಅಮೆರಿಕದ ಆ ತರುಣರು ಕಂಡುಕೊಂಡ ದೊಡ್ಡ ಉಪಾಯವೆಂದರೆ ಇದು: ಕಟ್ಟಿದವನು ಒಬ್ಬ, ನೋಡುವವನು ಮತ್ತೊಬ್ಬ. ನೀವೂ ಹಾಗೆ ಮಾಡಿ. ಸ್ಟೀರಿಂಗ್ ಚಕ್ರದಿಂದ ಮೊದಲುಮಾಡಿ ಗಾಲಿಯವರೆಗೆ ಇರುವ ಪ್ರತಿಯೊಂದು ಕೂಡನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಿಗಿದು, ತಡೆ ಹಾಕಿದ ಮೇಲೆ ನಟ್ಟಿನಿಂದ ಬೋಲ್ಟಿಗೆ ಅಡ್ಡಲಾಗಿ ಬಣ್ಣದ ಗೆರೆಯೊಂದನ್ನು ಎಳೆಯಿರಿ. ನಟ್ಟು ಕದಲಿದರೆ ಗೆರೆ ಮುರಿದು ನಿಮಗೆ ಹೇಳುತ್ತದೆ. ಆಮೇಲೆ ಊರಿನಲ್ಲಿ ಕೆಲಸ ಬಲ್ಲ ಮೇಸ್ತ್ರಿಯೊಬ್ಬರನ್ನು ಕರೆದು, ಆ ಹಾಳೆಯನ್ನು ಅವರ ಕೈಗೆ ಕೊಟ್ಟು, ನೀವು ಸುಮ್ಮನೆ ನಿಲ್ಲಿ. ಒಬ್ಬರು ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಲಿ, ಮೇಸ್ತ್ರಿಗಳು ಕೆಳಗೆ ಮಲಗಿ ಒಂದೊಂದು ಕೂಡನ್ನೂ ಕೈಯಿಂದ ಮುಟ್ಟಿ ನೋಡಲಿ. ಎಲ್ಲಿಯಾದರೂ ತಾಗುತ್ತದೆಯೆ, ಎಲ್ಲಿಯಾದರೂ ಅಲುಗುತ್ತದೆಯೆ ಎಂದು ಕೇಳಿ. ಅವರು ಒಂದು ನಟ್ಟಿನ ಕಡೆ ಬೆರಳು ತೋರಿಸಿದರೆ ಬೇಸರಪಡದೆ ಆ ದಿನದ ಸವಾರಿಯನ್ನು ನಿಲ್ಲಿಸಿಬಿಡಿ. ಗಾಡಿ ನಾಳೆಯೂ ಓಡೀತು.